ಕೈಗುಣವನ್ನು ಕಲಿಸುವ ಊರು ಯಾವುದು?

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿಗಳ ಸೀಮೆ ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡ ನೆಲ. ಇಲ್ಲಿಯ ಜನ ಕನ್ನಡದಲ್ಲಿ ಮಾತು ಆರಂಭಿಸಿ ಮರಾಠಿಯಲ್ಲಿ ಮುಗಿಸುವುದುಂಟು. ಮರಾಠಿಯಲ್ಲಿ ಆರಂಭಿಸಿ ಕನ್ನಡದಲ್ಲಿ ಮುಗಿಸುವುದೂ ಉಂಟು. ದುಡಿಮೆಗೆ ಅಂಜದ ಈ ಜನರ ಸೊಂಟ, ಭುಜ, ಮೊಣಕಾಲುಗಳೇ ಅವರ ಬಂಡವಾಳ. ಕಳೆದ ವರ್ಷ ಕಾರಹುಣ್ಣಿಮೆಯ ಮುಂಚಿನ ವಾರ ನಿಪ್ಪಾಣಿಯಲ್ಲಿ ಒಂದು ಪ್ರವಚನಕ್ಕೂ ಅಥಣಿಯಲ್ಲಿ ಇನ್ನೊಂದಕ್ಕೂ ನಮಗೆ ಕರೆ ಬಂದಿತ್ತು. ನಡುವೆ ಮೂರು ದಿನಗಳ ಬಿಡುವು. ಆ ಮೂರು ದಿನಗಳ ಪ್ರಯಾಣವು ಒಂದು ಕುಟುಂಬದ ಹೊಲವನ್ನೂ ಒಬ್ಬ ಹುಡುಗಿಯ ಮುಂದಿನ ಬದುಕನ್ನೂ ನಿರ್ಧರಿಸುವ ಪ್ರಯಾಣವಾದೀತೆಂದು ಹೊರಡುವಾಗ ನಾವು ಎಣಿಸಿರಲಿಲ್ಲ.

ನಿಪ್ಪಾಣಿಯಲ್ಲಿ ಪ್ರವಚನ ಮುಗಿದ ಬಳಿಕ ನಮ್ಮ ತಂಗಿಯ ಮಗ, ರಾಯಬಾಗ ತಾಲ್ಲೂಕಿನ ಒಂದು ಹಳ್ಳಿಯ ರೈತ, ಮಗಳನ್ನು ಕರೆದುಕೊಂಡು ಬಂದ. ಹುಡುಗಿ ವಿಜ್ಞಾನ ವಿಭಾಗದಲ್ಲಿ ಪಿ.ಯು.ಸಿ. ತೇರ್ಗಡೆಯಾಗಿದ್ದಳು. ತಂದೆಯು ಸುಗ್ಗಿಯ ದಿನಗಳಲ್ಲಿ ಕಬ್ಬಿನ ಹೊರೆಯನ್ನು ತಲೆಯ ಮೇಲೆ ಹೊತ್ತು, ಏಣಿಯೇರಿ ಟ್ರ್ಯಾಕ್ಟರಿಗೆ ಹೇರುತ್ತಿದ್ದವನು. ಒಮ್ಮೆ ಸೊಂಟ ಹಿಡಿದು ಎರಡು ತಿಂಗಳು ಮಲಗಿದ್ದ. ಪುಣೆಯಲ್ಲಿದ್ದ ಬಂಧುಗಳ ಮನೆಗೆ ಹೋದಾಗ ಅಲ್ಲಿ ಒಬ್ಬ ಆಸ್ಟಿಯೋಪಥಿ ಚಿಕಿತ್ಸಕರು ಬರಿಗೈಯಿಂದಲೇ ಚಿಕಿತ್ಸೆ ಮಾಡಿ ಅವನಿಗೆ ನೋವು ಕಡಿಮೆ ಮಾಡಿದ್ದರು. ಅದನ್ನು ಕಣ್ಣಾರೆ ಕಂಡ ಮಗಳು, ಕಲಿತರೆ ಆ ವಿದ್ಯೆಯನ್ನೇ ಕಲಿಯುವೆನೆಂದು ಹಟ ಹಿಡಿದಿದ್ದಳು. ಕೈಯಲ್ಲಿ ದೊಡ್ಡ ನಗರವೊಂದರ ಖಾಸಗಿ ಸಂಸ್ಥೆಯ ಬಣ್ಣದ ಕರಪತ್ರವಿತ್ತು.

"ಮಾವಾರ, ಎರಡೂವರೆ ಲಕ್ಷ ಕೇಳ್ಯಾರ. ಇಪ್ಪತ್ತ ಗುಂಟೆ ಹೊಲ ಒತ್ತಿ ಇಟ್ಟರ ಆಗತೈತಿ. ಆರು ತಿಂಗಳದಾಗ ಹುಡುಗಿ ಡಾಕ್ಟರ ಆಗತಾಳಂತ. ನೀವ ಒಂದ ಮಾತ ಹೇಳ್ರಿ," ಎಂದ.

ಮಠದಲ್ಲಿ ವ್ಯಾಕರಣ, ಸಾಹಿತ್ಯ, ಶಾಸ್ತ್ರಗಳನ್ನು ಓದಿಕೊಂಡ ನಮಗೆ ವೈದ್ಯದ ಅಧಿಕಾರವಿಲ್ಲ. ಆದರೆ ಗುರುಕುಲದಲ್ಲಿ ಒಂದು ಪಾಠವನ್ನು ಮೊದಲೇ ಕಲಿಸಿದ್ದರು: ವಿದ್ಯೆಯನ್ನು ಕೇಳುವ ಮುನ್ನ ಅದರ ಪರಂಪರೆಯನ್ನು ಕೇಳಬೇಕು. ಆದ್ದರಿಂದ, "ತಮ್ಮಾ, ಅವಸರ ಬ್ಯಾಡ. ಅಥಣಿ ಮುಟ್ಟೂತನಕ ಹುಡುಗಿ ನಮ್ಮ ಜೋಡಿ ಬರಲಿ. ಕೇಳೂಣು, ನೋಡೂಣು, ಆಮ್ಯಾಲ ಹೊಲದ ಮಾತ," ಎಂದೆವು.

ಈ ವಿದ್ಯೆಯ ಪರಂಪರೆ ಇಂತಿದೆ. ಗ್ರೀಕ್ ಭಾಷೆಯಲ್ಲಿ 'ಆಸ್ಟಿಯಾನ್' ಎಂದರೆ ಎಲುಬು. ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯನು 1864ರಲ್ಲಿ ತನ್ನ ಮೂವರು ಮಕ್ಕಳನ್ನು ಮೆದುಳುಪೊರೆಯ ಜ್ವರಕ್ಕೆ ಕಳೆದುಕೊಂಡನು. ಅಂದಿನ ಔಷಧಗಳಲ್ಲಿ ಅವನಿಗೆ ನಂಬಿಕೆ ಉಳಿಯಲಿಲ್ಲ. ಹತ್ತು ವರ್ಷಗಳ ಚಿಂತನೆಯ ನಂತರ 1874ರಲ್ಲಿ ಅವನು ಹೊಸ ಪದ್ಧತಿಯೊಂದನ್ನು ಸಾರಿದನು. ದೇಹವು ಅಖಂಡವಾದುದು, ಅದರ ರಚನೆ ಹಾಗೂ ಕಾರ್ಯಗಳು ಒಂದನ್ನೊಂದು ಅವಲಂಬಿಸಿವೆ, ತನ್ನನ್ನು ತಾನು ಸರಿಪಡಿಸಿಕೊಳ್ಳುವ ಶಕ್ತಿ ದೇಹಕ್ಕಿದೆ - ಇವು ಅದರ ಮೂಲ ತತ್ತ್ವಗಳು. 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್ ಎಂಬ ಊರಿನಲ್ಲಿ ಅವನು ಇದರ ಮೊದಲ ಶಾಲೆಯನ್ನು ತೆರೆದನು. ಅವನ ಶಿಷ್ಯರಲ್ಲೊಬ್ಬನಾದ ಲಿಟಲ್‌ಜಾನ್ 1917ರಲ್ಲಿ ಲಂಡನ್ನಿನಲ್ಲಿ ಇನ್ನೊಂದು ಶಾಲೆಯನ್ನು ಸ್ಥಾಪಿಸಿದನು.

ಮುಂದೆ ಈ ಪರಂಪರೆ ಎರಡು ಕವಲಾಯಿತು. ಅಮೆರಿಕದಲ್ಲಿ ಆಸ್ಟಿಯೋಪಥಿಯ ಪದವೀಧರರು ಪೂರ್ಣ ವೈದ್ಯರು. ಔಷಧ ಕೊಡುತ್ತಾರೆ, ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಬ್ರಿಟನ್ನಿನಲ್ಲಿ ಅವರು ಮುಖ್ಯವಾಗಿ ಕೈಯಿಂದ ಚಿಕಿತ್ಸೆ ಮಾಡುವವರು. 1993ರ ಕಾನೂನಿನ ಮೇರೆಗೆ ಅಲ್ಲಿ ಪ್ರತ್ಯೇಕ ಪರಿಷತ್ತು ರಚಿತವಾಗಿದ್ದು, ಅದರಲ್ಲಿ ನೋಂದಣಿಯಿಲ್ಲದವರು ಆ ಹೆಸರನ್ನು ಬಳಸುವಂತಿಲ್ಲ. ಒಂದೇ ಹೆಸರಿಗೆ ಎರಡು ದೇಶಗಳಲ್ಲಿ ಎರಡು ಅರ್ಥ. ನಮ್ಮ ದೇಶದಲ್ಲಿಯೋ, ಇದಕ್ಕೆಂದೇ ಪ್ರತ್ಯೇಕ ಶಾಸನಬದ್ಧ ಪರಿಷತ್ತು ಇಲ್ಲ. ಆಯುರ್ವೇದ, ಯೋಗ ಮತ್ತು ಪ್ರಕೃತಿಚಿಕಿತ್ಸೆ, ಯುನಾನಿ, ಸಿದ್ಧ, ಹೋಮಿಯೋಪಥಿಗಳಿರುವ ಆಯುಷ್ ಬಳಗದಲ್ಲಿಯೂ ಇದು ಸೇರಿಲ್ಲ. ಒಡಿಶಾದ ಕಟಕ್ ಬಳಿಯ ಶ್ರೀ ಶ್ರೀ ವಿಶ್ವವಿದ್ಯಾಲಯದಂತಹ ಕಡೆ ಇದನ್ನು ಪದವಿಯ ಮಟ್ಟದಲ್ಲಿ ಕಲಿಸುತ್ತಾರಾದರೂ, ಅಂತಹ ಸ್ಥಳಗಳು ವಿರಳ.

ಮರುದಿನ ಬೆಳಿಗ್ಗೆ ನಿಪ್ಪಾಣಿಯ ಓಣಿಯೊಂದರಲ್ಲಿ ನಡೆದು ಹೋದೆವು. ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿರುವ ಈ ಊರು ತಂಬಾಕಿನ ಪೇಟೆಯೆಂದು ಹೆಸರಾದುದು. 1981ರಲ್ಲಿ ನ್ಯಾಯಬೆಲೆಗಾಗಿ ತಂಬಾಕು ಬೆಳೆಗಾರರು ಹೆದ್ದಾರಿಯಲ್ಲಿ ಕುಳಿತು ಹೋರಾಡಿದ ಊರು. ಮನೆಗಳ ಕಟ್ಟೆಯ ಮೇಲೆ ಹೆಣ್ಣುಮಕ್ಕಳು ತೊಡೆಯ ಮೇಲೆ ಮೊರವಿಟ್ಟುಕೊಂಡು, ಬಾಗಿ ಕುಳಿತು ಬೀಡಿ ಕಟ್ಟುತ್ತಿದ್ದರು. ಹುಡುಗಿ ಒಬ್ಬ ಮುದುಕಿಯ ಬಳಿ ಕುಳಿತು ನೋವಿನ ಮಾತು ತೆಗೆದಳು. ಆ ತಾಯಿ, ಕುತ್ತಿಗೆ "ಕಡಿಯತೈತಿ," ಭುಜ "ಸೆಳಿಯತೈತಿ," ಬೆರಳು "ಜುಮುಜುಮು ಅಂತಾವ," ರಾತ್ರಿ ಕೈ "ಜೋಮು ಹಿಡಿಯತೈತಿ" ಎಂದು ನಾಲ್ಕು ನೋವಿಗೆ ನಾಲ್ಕು ಶಬ್ದ ಹೇಳಿದಳು. ಪಕ್ಕದವಳು ಅದನ್ನೇ ಮರಾಠಿಯಲ್ಲಿ ಹೇಳಿದಳು. ಕಡಿಯುವುದು ಸ್ನಾಯುವಿನದಾಗಿರಬಹುದು, ಜೋಮು ನರದ್ದಾಗಿರಬಹುದು; ಈ ಭೇದವನ್ನು ಅರಿಯದೆ ಕೈ ಹಾಕಿದವನು ಏನನ್ನು ವಾಸಿಮಾಡಿಯಾನು? ಎಲ್ಲಿ ಕಲಿಯಬೇಕೆಂಬ ಪ್ರಶ್ನೆಗೆ ನಿಪ್ಪಾಣಿಯ ಕಟ್ಟೆಯೇ ಮೊದಲ ಉತ್ತರ ಕೊಟ್ಟಿತು: ರೋಗಿಯು ತನ್ನ ನೋವನ್ನು ತನ್ನ ಮಾತಿನಲ್ಲಿ ಹೇಳುವಲ್ಲಿ, ಮತ್ತು ಆ ಮಾತು ವಿದ್ಯಾರ್ಥಿಗೆ ತಿಳಿಯುವಲ್ಲಿ.

ಚಿಕ್ಕೋಡಿಗೆ ಬಂದಾಗ ಮಧ್ಯಾಹ್ನವಾಗಿತ್ತು. ಉಪವಿಭಾಗದ ಕಚೇರಿಗಳು, ಶಾಲೆ-ಕಾಲೇಜುಗಳು, ಸಂತೆಯ ಗದ್ದಲ ಎಲ್ಲ ಕೂಡಿದ ಊರಿದು. 1916ರಲ್ಲಿ ಬೆಳಗಾವಿಯಲ್ಲಿ, ಸಪ್ತರ್ಷಿಗಳೆಂದು ಗೌರವಿಸಲ್ಪಡುವ ಏಳು ಮಹನೀಯರು ಸ್ಥಾಪಿಸಿದ ಕೆ.ಎಲ್.ಇ. ಸಂಸ್ಥೆಯ ಕಾಲೇಜುಗಳು ಈ ಭಾಗದಲ್ಲಿಯೂ ಇವೆ. ದಾನಿಗಳ ಹೊಲಮನೆಗಳು, ಬಡವರ ಒಂದೊಂದು ರೂಪಾಯಿ ಸೇರಿ ಕಟ್ಟಿದ ಶಾಲೆಗಳಲ್ಲಿ ನಮ್ಮ ಸಮಾಜದ ಎಷ್ಟೋ ಮನೆಗಳ ಮೊದಲ ಅಕ್ಷರಸ್ಥರು ತಯಾರಾದರು. ಹೊಲವನ್ನು ವಿದ್ಯೆಗೆ ಕೊಡುವುದು ನಮ್ಮವರಿಗೆ ಹೊಸದಲ್ಲ. ಆದರೆ ಕೊಟ್ಟ ಹೊಲವು ವಿದ್ಯೆಯಾಗಿ ಬೆಳೆಯಿತೇ, ಬರಿಯ ಕಾಗದವಾಗಿ ಬಂದಿತೇ ಎಂಬುದನ್ನು ನೋಡಬೇಡವೇ?

ಅಲ್ಲಿ ನಮ್ಮ ಪರಿಚಯದ ಮನೆಯ ಸೊಸೆಯೊಬ್ಬಳು ಫಿಜಿಯೋಥೆರಪಿ ಚಿಕಿತ್ಸಾಲಯ ನಡೆಸುತ್ತಾಳೆ. ಬೆಳಗಾವಿಯಲ್ಲಿ ಪದವಿ ಪಡೆದವಳು. ಕರಪತ್ರವನ್ನು ಓದಿ ಅವಳು ನಗಲಿಲ್ಲ, ಲೆಕ್ಕ ಹಾಕಿದಳು. ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಐದು ದಿನ, ಇಪ್ಪತ್ತಾರು ವಾರ. ಒಟ್ಟು 520 ಗಂಟೆ. ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಆಸ್ಟಿಯೋಪಥಿ ಶಿಕ್ಷಣಕ್ಕೆ ಮಾನದಂಡ ಪ್ರಕಟಿಸಿದೆ. ವೈದ್ಯಕೀಯ ಹಿನ್ನೆಲೆಯಿಲ್ಲದ ಹೊಸ ವಿದ್ಯಾರ್ಥಿಗೆ 4,200 ಗಂಟೆಗಳ ಶಿಕ್ಷಣ ಬೇಕು. ಅದರಲ್ಲಿ ಕನಿಷ್ಠ 1,000 ಗಂಟೆಗಳಾದರೂ ಗುರುವಿನ ಕಣ್ಣೆದುರು ರೋಗಿಗಳಿಗೆ ಚಿಕಿತ್ಸೆ ಮಾಡುವ ಅಭ್ಯಾಸವಾಗಿರಬೇಕು. ಈಗಾಗಲೇ ಆರೋಗ್ಯ ವೃತ್ತಿಯಲ್ಲಿ ತರಬೇತಿ ಪಡೆದವರಿಗೆ 1,000 ಗಂಟೆಗಳ ಬೇರೆ ದಾರಿಯಿದೆ. ಕರಪತ್ರದ ಶಿಕ್ಷಣವು ಈ ಎರಡರಲ್ಲಿ ಯಾವುದಕ್ಕೂ ಸಾಲದು.

"ನಾ ಏನ್ ಕಲತೆ ಗೊತ್ತೇನವಾ?" ಎಂದು ಅವಳು ಹುಡುಗಿಗೆ ಕೇಳಿದಳು. "ಮೊದಲ ಕಲತದ್ದು ಯಾರನ್ನ ಮುಟ್ಟಬಾರದು ಅಂತ." ಹಿಂದಿನ ವರ್ಷ ಒಬ್ಬ ರೈತ ಸೊಂಟನೋವೆಂದು ಬಂದಿದ್ದನಂತೆ. ತಿಕ್ಕಿದರೆ ಸಾಕೆಂದು ಅವನ ಮಾತು. ಇವಳು ಕೇಳುತ್ತ ಹೋದಾಗ, ಎರಡು ದಿನದಿಂದ ಮೂತ್ರ ಸರಿಯಾಗಿ ಆಗುತ್ತಿಲ್ಲ, ತೊಡೆಯ ಸಂದಿಯಲ್ಲಿ ಸ್ಪರ್ಶ ತಿಳಿಯುತ್ತಿಲ್ಲ ಎಂಬುದು ಹೊರಬಿತ್ತು. ಬೆನ್ನಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಹೋಗಿರುವ ಲಕ್ಷಣವದು. ಗಂಟೆಗಳ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆಯಾಗದಿದ್ದರೆ ಜೀವನಪರ್ಯಂತ ಅಂಗವಿಕಲತೆ. ಅವಳು ಕೈ ಹಚ್ಚದೆ ಅಂದೇ ಬೆಳಗಾವಿಯ ಆಸ್ಪತ್ರೆಗೆ ಕಳಿಸಿದಳು. ಆ ರೈತ ಇಂದು ನಡೆದಾಡುತ್ತಿದ್ದಾನೆ. ಬಿದ್ದು ಪೆಟ್ಟಾದ ಮೇಲಿನ ನೋವು, ಜ್ವರದೊಡನೆ ಬಂದ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಕಾಲಿನ ಬಲ ಕುಂದುವುದು - ಇವುಗಳಿದ್ದಲ್ಲಿ ಮೊದಲು ವೈದ್ಯರ ಪರೀಕ್ಷೆ, ಆಮೇಲೆ ಕೈಚಿಕಿತ್ಸೆ ಎಂಬುದನ್ನು ನಮ್ಮ ವಾಚಕರೂ ನೆನಪಿನಲ್ಲಿಡಬೇಕು.

ಸಂಜೆ ರಾಯಬಾಗದ ಕಡೆಗೆ ಹೊರಟೆವು. ಚಿಂಚಲಿ ಮಾಯಕ್ಕನ ಜಾತ್ರೆಗೆ ಎರಡೂ ರಾಜ್ಯಗಳಿಂದ ಭಕ್ತರು ಬಂದು ಸೇರುವ ತಾಲ್ಲೂಕಿದು. ಕಬ್ಬಿನ ಹೊಲಗಳ ನಡುವೆ ತಂಗಿಯ ಮನೆ. ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ಎಲ್ಲರೂ ಕುಳಿತರು. ತಂದೆಯ ಚಿಂತೆ ಬೇರೆಯಾಗಿತ್ತು. ಪದವಿಯೆಂದರೆ ಐದು ವರ್ಷ; ಅಷ್ಟು ದಿನ ಮಗಳು ಓದಿದರೆ ಜನ ಏನೆಂದಾರು? ಆರು ತಿಂಗಳಾದರೆ ಬೇಗ ಕೈಗೆ ಬರುತ್ತಾಳೆ. ನಮ್ಮ ತಂಗಿ ಅಷ್ಟು ಹೊತ್ತು ಸುಮ್ಮನಿದ್ದವಳು, "ಅಣ್ಣಾ, ಕಬ್ಬು ಕೈಗೆ ಬರಾಕ ವರ್ಷ ಬೇಕು. ಹುಡುಗಿ ವಿದ್ಯಾ ಆರು ತಿಂಗಳದಾಗ ಹ್ಯಾಂಗ ಬರತೈತಿ?" ಎಂದಳು. ಅಕ್ಷರ ಕಲಿಯದ ಅವಳ ಈ ಮಾತಿಗೆ ಮಗನಿಂದ ಉತ್ತರ ಬರಲಿಲ್ಲ.

ಆ ರಾತ್ರಿಯೇ ಕಾಗದದ ಮೇಲೆ ದಾರಿಗಳನ್ನು ಬರೆದೆವು. ಫಿಜಿಯೋಥೆರಪಿ ಒಂದು: ಹಿಂದೆ ನಾಲ್ಕು ವರ್ಷ ಹಾಗೂ ಆರು ತಿಂಗಳ ತರಬೇತಿಯಿದ್ದ ಈ ಪದವಿಗೆ, 2025ರಲ್ಲಿ ಪ್ರಕಟವಾದ ರಾಷ್ಟ್ರೀಯ ಪಠ್ಯಕ್ರಮವು ಇಂಟರ್ನ್‌ಶಿಪ್ ಸೇರಿ ಐದು ವರ್ಷಗಳನ್ನು ಗೊತ್ತುಪಡಿಸಿದೆ. 2021ರ ಕೇಂದ್ರ ಕಾನೂನು ಈ ವೃತ್ತಿಯನ್ನು ಮಾನ್ಯಮಾಡಿದೆ. ಕೀಲುಗಳನ್ನು ಕೈಯಿಂದ ಸಡಿಲಿಸುವ ವಿದ್ಯೆ ಇದರೊಳಗೇ ಇದೆ. ಬೆಳಗಾವಿ, ಧಾರವಾಡಗಳಲ್ಲಿ ಆಸ್ಪತ್ರೆಗಳಿಗೆ ಹೊಂದಿಕೊಂಡ ಕಾಲೇಜುಗಳಿವೆ. ಆಯುರ್ವೇದ ಎರಡನೆಯದು: ಐದೂವರೆ ವರ್ಷ. ಸುಶ್ರುತಸಂಹಿತೆಯಲ್ಲಿ ಮುರಿದ ಎಲುಬಿಗೆ, ಜಾರಿದ ಕೀಲಿಗೆ ಪ್ರತ್ಯೇಕ ಅಧ್ಯಾಯಗಳೇ ಇವೆ. ಕೀಲು ಜಾರುವುದರಲ್ಲಿ ಆರು, ಎಲುಬು ಮುರಿಯುವುದರಲ್ಲಿ ಹನ್ನೆರಡು ಬಗೆಗಳನ್ನು ಅದು ಎಣಿಸುತ್ತದೆ. ಬೆಳಗಾವಿಯಲ್ಲಿ ಹಳೆಯ ಆಯುರ್ವೇದ ಮಹಾವಿದ್ಯಾಲಯವಿದೆ. ಪ್ರಕೃತಿಚಿಕಿತ್ಸೆ ಮತ್ತು ಯೋಗ ಮೂರನೆಯದು: ಇದೂ ಐದೂವರೆ ವರ್ಷ, ಉಜಿರೆಯ ಎಸ್.ಡಿ.ಎಂ. ಕಾಲೇಜು 1989ರಿಂದ ಇದನ್ನು ಕಲಿಸುತ್ತಿದೆ. ನಾಲ್ಕನೆಯದು, ಇವುಗಳಲ್ಲಿ ಒಂದನ್ನು ಮುಗಿಸಿ, ಆ ಬಳಿಕ ಬೇಕಾದರೆ ಆಸ್ಟಿಯೋಪಥಿಯನ್ನು ದೇಶದಲ್ಲಿಯೋ ವಿದೇಶದಲ್ಲಿಯೋ ಕ್ರಮವಾಗಿ ಕಲಿಯುವುದು. ಐದನೆಯದು ಆ ಕರಪತ್ರ.

ಮೂರನೆಯ ದಿನ ಕುಡಚಿಯ ಮೂಲಕ ಕೃಷ್ಣೆಯನ್ನು ದಾಟಿ, ಉಗಾರದ ಸಕ್ಕರೆ ಕಾರ್ಖಾನೆಯನ್ನು ಕಂಡು ಕಾಗವಾಡಕ್ಕೆ ಬಂದೆವು. ಅಥಣಿಯಿಂದ ಬೇರ್ಪಟ್ಟು ಈಗ ಪ್ರತ್ಯೇಕ ತಾಲ್ಲೂಕಾದ ಈ ಊರಿನಿಂದ ರಾಜ್ಯದ ಗಡಿ ತೀರ ಸಮೀಪ. ಇಲ್ಲಿಯ ಜನಕ್ಕೆ 'ದೊಡ್ಡ ದವಾಖಾನೆ' ಎಂದರೆ ಇಂದಿಗೂ ಮಿರಜ. 1894ರಲ್ಲಿ ವಾನ್ಲೆಸ್ ಎಂಬ ಕೆನಡಾ ಮೂಲದ ಮಿಶನರಿ ವೈದ್ಯರು ಅಲ್ಲಿ ಆಸ್ಪತ್ರೆ ಕಟ್ಟಿದ ಕಾಲದಿಂದ ಕೃಷ್ಣೆಯ ಎರಡೂ ದಂಡೆಗಳ ರೋಗಿಗಳು ಆ ಊರಿನ ದಾರಿ ಹಿಡಿದಿದ್ದಾರೆ.

ಕಾಗವಾಡದ ಬಸ್ ನಿಲ್ದಾಣದಲ್ಲಿ ಮಿರಜದ ಫಲಕವಿದ್ದ ಬಸ್ಸನ್ನು ಕಂಡಾಗ, ಅರವತ್ತು ವರ್ಷಗಳ ಹಿಂದಿನ ಒಂದು ಸಂಗತಿಯನ್ನು ಹುಡುಗಿಗೆ ಹೇಳದೆ ಇರಲಾಗಲಿಲ್ಲ. ನಮ್ಮ ಹಿರಿಯಣ್ಣ ಹುಣಸೆಯ ಮರದಿಂದ ಬಿದ್ದು ಮುಂಗೈ ಮುರಿದುಕೊಂಡಾಗ ಅವನಿಗೆ ಹನ್ನೊಂದು ವರ್ಷ. ಎಲುಬು ಕಟ್ಟುವುದರಲ್ಲಿ ಹೆಸರಾದವರೊಬ್ಬರ ಬಳಿಗೆ ಒಯ್ದರು. ಅವರು ದುಡ್ಡಿನ ಆಸೆಯವರಲ್ಲ, ಎಷ್ಟೋ ಜನರಿಗೆ ಗುಣ ಮಾಡಿದವರು. ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರು. ರಾತ್ರಿಯೆಲ್ಲ ಅಣ್ಣ ಅತ್ತ. ಬೆರಳು ತಣ್ಣಗಾಗಿ ಬಣ್ಣ ಬದಲಾದರೂ, ಬಿಚ್ಚಿದರೆ ಎಲುಬು ಕೂಡದೆಂದು ಯಾರೂ ಬಿಚ್ಚಲಿಲ್ಲ. ಮೂರನೆಯ ದಿನ ಚಕ್ಕಡಿಯಲ್ಲಿ ಮಿರಜಕ್ಕೆ ಒಯ್ದಾಗ ರಕ್ತ ಹರಿಯದೆ ಕೈ ಕೊಳೆತಿತ್ತು. ಮೊಣಕೈಯ ಕೆಳಗೆ ತೆಗೆದರು. ಬೆರಳ ತುದಿಯನ್ನು ಒತ್ತಿ ಬಿಟ್ಟರೆ ಕೆಂಪು ಮರಳುತ್ತದೆಯೇ ಎಂದು ನೋಡುವುದು ಇಂದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ಕಟ್ಟಿದವರ ಕೈಗುಣಕ್ಕೆ ಕೊರತೆಯಿರಲಿಲ್ಲ. ತಪ್ಪನ್ನು ತೋರಿಸುವ ಗುರುವೂ, ಕೇಳಿ ತಿದ್ದುವ ಸಂಸ್ಥೆಯೂ ಅವರ ಹಿಂದೆ ಇರಲಿಲ್ಲ.

ಹುಡುಗಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಜ್ಜಾರ, ದೊಡ್ಡಜ್ಜಾರು ಅದಕ್ಕ ಎಡಗೈಲೆ ಬರೀತಿದ್ರೇನ್ರಿ?" ಎಂದು ಕೇಳಿದಳು. ಹೌದೆಂದೆವು.

ಅಥಣಿಗೆ ಬಂದಾಗ ಇಳಿಹೊತ್ತು. ಶ್ರೀ ಮುರುಘೇಂದ್ರ ಶಿವಯೋಗಿಗಳು (1836-1921) ನೆಲೆಸಿದ ಗಚ್ಚಿನಮಠದಲ್ಲಿ ಗದ್ದುಗೆಗೆ ನಮಸ್ಕರಿಸಿ, ಪ್ರವಚನಕ್ಕೆ ಮುನ್ನ ಉಳಿದಿದ್ದ ಸಮಯದಲ್ಲಿ ಚಪ್ಪಲಿ ಮಾಡುವವರ ಓಣಿಗೆ ಹೋದೆವು. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಗಳನ್ನು ಅಥಣಿಯಂತಹ ಊರುಗಳ ಕೈಗಳೂ ಮಾಡುತ್ತ ಬಂದಿವೆ. 2019ರಲ್ಲಿ ದೊರೆತ ಭೌಗೋಳಿಕ ಸೂಚಿಕೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ ಸೇರಿದಂತೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿವೆ. ಶರಣ ಹರಳಯ್ಯನವರ ಕಾಯಕವನ್ನು ನೆನೆಯುತ್ತ ಒಬ್ಬ ಹಿರಿಯರ ಮುಂದೆ ಕುಳಿತೆವು. ಅವರ ಮೊಮ್ಮಗ ತೊಗಲಿನ ತುಂಡೊಂದನ್ನು ಬೆರಳಿನಿಂದ ಒತ್ತಿ, ಮಡಚಿ, ಬಿಟ್ಟು ನೋಡುತ್ತಿದ್ದ. ಕತ್ತಿ ಹಿಡಿದಿರಲಿಲ್ಲ.

"ಇವ ಎಂದ ಕತ್ತರಸ್ತಾನ್ರಿ?" ಎಂದು ಹುಡುಗಿ ಕೇಳಿದಳು.

"ಹದಾ ತಿಳದ ಮ್ಯಾಲ, ಯವ್ವಾ. ಕೆಟ್ಟರ ತೊಗಲು ನಂದು, ತಿದ್ದಾಕ ನಾ ಇಲ್ಲೇ ಅದೀನಿ," ಎಂದರು ಹಿರಿಯರು.

ತೊಗಲಿನ ತುಂಡಿಗೇ ಇಷ್ಟು ಎಚ್ಚರವಾದರೆ, ಜೀವವಿರುವ ದೇಹಕ್ಕೆ ಎಷ್ಟಿರಬೇಕು! ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರು ವೈದ್ಯವನ್ನೇ ಕಾಯಕವಾಗಿ ಮಾಡಿಕೊಂಡವರು. ಕಾಯಕವೆಂದ ಮೇಲೆ ಅದರಲ್ಲಿ ವಂಚನೆ ಕೂಡದು. ಅರೆಗಲಿಕೆಯೂ ಒಂದು ವಂಚನೆಯೇ. ಮಾಡುವವನಿಗೆ ತಿಳಿಯದೆ ನಡೆದುಹೋಗುವ ವಂಚನೆಯಾದುದರಿಂದ ಅದು ಇನ್ನೂ ಅಪಾಯಕಾರಿ.

ಈ ವರ್ಷವೂ ಎಷ್ಟೋ ಮನೆಗಳಲ್ಲಿ ಇಂತಹ ಕರಪತ್ರಗಳು ಬಂದಿರುತ್ತವೆ. ಹೊಲದ ಉತಾರ ತೆಗೆಯುವ ಮುನ್ನ ತಂದೆತಾಯಿಗಳು ನಾಲ್ಕು ಪ್ರಶ್ನೆ ಕೇಳಬೇಕೆಂದು ನಮ್ಮ ವಿನಂತಿ. ಈ ಪದವಿಯನ್ನು ಯಾವ ಕಾನೂನು, ಯಾವ ವಿಶ್ವವಿದ್ಯಾಲಯ, ಯಾವ ಪರಿಷತ್ತು ಮಾನ್ಯಮಾಡಿದೆ? ಸಂಸ್ಥೆಯವರ ಮಾತನ್ನಲ್ಲ, ಪರಿಷತ್ತಿನ ಪಟ್ಟಿಯನ್ನೇ ನೋಡಬೇಕು. ಎಷ್ಟು ಗಂಟೆ ರೋಗಿಗಳ ಬಳಿ, ಯಾರ ಕಣ್ಣೆದುರು ಕಲಿಸುತ್ತಾರೆ? ಸ್ವಂತ ಆಸ್ಪತ್ರೆಯಿಲ್ಲದ ಕಡೆ ಈ ಪ್ರಶ್ನೆಗೆ ಉತ್ತರ ಸಿಗದು. ಕೈ ಹಚ್ಚಬಾರದ ರೋಗಿಯನ್ನು ಗುರುತಿಸಲು ಕಲಿಸುತ್ತಾರೆಯೇ? ಕೊನೆಯದಾಗಿ, ಕಲಿತವರು ಮರಳಿ ಬಂದು ನಮ್ಮ ಜನರ ನೋವಿನ ಮಾತನ್ನು ತಿಳಿಯಬಲ್ಲರೇ? ಪರದೇಶದಲ್ಲಿ ಆಸ್ಟಿಯೋಪಥಿ ಓದಬಯಸುವವರಂತೂ, ಆ ದೇಶದಲ್ಲಿ ಆ ಹೆಸರಿಗಿರುವ ಅರ್ಥವನ್ನೂ, ಅಲ್ಲಿಯ ಪದವಿಯಿಂದ ಇಲ್ಲಿ ಯಾವ ಅಧಿಕಾರ ದೊರೆಯುವುದೆಂಬುದನ್ನೂ ಹೊರಡುವ ಮೊದಲೇ ಬರವಣಿಗೆಯಲ್ಲಿ ಕೇಳಿ ತಿಳಿಯಬೇಕು.

ಅಥಣಿಯ ಪ್ರವಚನ ಮುಗಿದ ಮರುದಿನ ಬೆಳಿಗ್ಗೆ ತಂದೆ ಮಗಳನ್ನು ಕರೆದೊಯ್ಯಲು ಬಂದಿದ್ದ. ಹುಡುಗಿ ಕರಪತ್ರವನ್ನು ನಾಲ್ಕಾಗಿ ಮಡಚಿ ಅವನ ಕೈಗಿತ್ತಳು. "ಅಪ್ಪಾ, ಊರಿಗೆ ಬ್ಯಾಡ. ಬೆಳಗಾವಿ ಬಸ್ಸ ಎಷ್ಟಕ್ಕೈತಿ ಕೇಳು," ಎಂದಳು.

ಈಗ ಅವಳು ಬೆಳಗಾವಿಯಲ್ಲಿ ಫಿಜಿಯೋಥೆರಪಿಯ ಮೊದಲ ವರ್ಷದಲ್ಲಿದ್ದಾಳೆ. ಬ್ಯಾಂಕಿನ ಶೈಕ್ಷಣಿಕ ಸಾಲವಾಯಿತು. ಇಪ್ಪತ್ತು ಗುಂಟೆಯಲ್ಲಿ ಈ ಸಲವೂ ಕಬ್ಬು ನಿಂತಿದೆ. ಆಸ್ಟಿಯೋಪಥಿಯ ಆಸೆಯನ್ನು ಅವಳು ಬಿಟ್ಟಿಲ್ಲ. ಪದವಿಯ ನಂತರಕ್ಕೆ ಇಟ್ಟುಕೊಂಡಿದ್ದಾಳೆ. ಮೊನ್ನೆ ರಜೆಗೆ ಬಂದಾಗ ಅಜ್ಜಿಯ ಮೊಣಕಾಲನ್ನು ಮುಟ್ಟದೆ, ಎದುರಿಗೆ ಕುಳಿತು, ನೋವು ಕಡಿಯುತ್ತದೆಯೋ ಸೆಳೆಯುತ್ತದೆಯೋ ಎಂದು ಕೇಳಿ ವಹಿಯಲ್ಲಿ ಬರೆದುಕೊಳ್ಳುತ್ತಿದ್ದಳು. "ತಿಕ್ಕವಾ ಅಂದರ ಬರಕೋತ ಕುಂಡ್ರತಾಳ," ಎಂದು ನಮ್ಮ ತಂಗಿ ದೂರು ಹೇಳಿದಳು. ಆ ದೂರನ್ನು ಕೇಳಿ ನಮಗೆ ಸಂತೋಷವಾಯಿತು.